ಕಚೇರಿಯಿಂದ ನ್ಯಾಯಸ್ಥಾನಕ್ಕೆ

'ಕೋರ್ಟು ಕಚೇರಿ ಅಲೆದು ಮನೆಮಠ ಕಳೆದುಕೊಂಡ' ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಈ ಜೋಡುನುಡಿಯಲ್ಲಿ ಎರಡು ಬೇರೆ ಬೇರೆ ಸ್ಥಳಗಳ ಹೆಸರುಗಳಿವೆಯೆಂದು ಇಂದಿನ ವಿದ್ಯಾರ್ಥಿಯು ತಿಳಿಯುತ್ತಾನೆ. ಕೋರ್ಟೆಂದರೆ ವ್ಯಾಜ್ಯ ತೀರುವ ಸ್ಥಳ. ಕಚೇರಿಯೆಂದರೆ ಕಂದಾಯ ಕಟ್ಟುವ, ಅರ್ಜಿ ಕೊಡುವ ಸ್ಥಳ. ಆದರೆ ಬಹುಕಾಲದವರೆಗೆ ಇವೆರಡೂ ಒಂದೇ ಮಾಡಿನ ಕೆಳಗೆ ಇದ್ದುವು. ಮೇಜು ಒಂದೇ, ಅದರ ಹಿಂದೆ ಕುಳಿತ ಅಧಿಕಾರಿಯೂ ಒಬ್ಬನೇ. ಬೆಂಗಳೂರಿನಲ್ಲಿ 1868ರಲ್ಲಿ ಕಟ್ಟಿ ಮುಗಿಸಿದ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿಯೆಂಬ ಹೆಸರು ಬಂದುದು ಸರಕಾರದ ಹದಿನೆಂಟು ಇಲಾಖೆಗಳು ಅದರಲ್ಲಿ ಇದ್ದುದರಿಂದ. ಅದೇ ಕಟ್ಟಡ ಇಂದು ಕರ್ನಾಟಕದ ಉಚ್ಚ ನ್ಯಾಯಾಲಯ. ಕಚೇರಿಯು ನ್ಯಾಯಸ್ಥಾನವಾದ ಕಥೆಗೆ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಬೇಡ.

ನಮ್ಮ ಬೇಗೂರಿನ ಕಾಡು ಈ ಕಥೆಯನ್ನು ಮೂರು ಕಡೆಯಿಂದ ಕಂಡಿದೆ. 1956ರ ವರೆಗೆ ವಯನಾಡು ಮದರಾಸಿಗೆ ಸೇರಿದ ಮಲಬಾರ್ ಜಿಲ್ಲೆಯ ಒಂದು ತಾಲ್ಲೂಕು. ತೋಲ್ಪೆಟ್ಟಿಯನ್ನು ದಾಟಿ ಕುಟ್ಟಕ್ಕೆ ಕಾಲಿಟ್ಟರೆ ಚೀಫ್ ಕಮಿಶನರರ ಕೊಡಗು. ಮೂಡಲಿಗೆ ಹೆಗ್ಗಡದೇವನಕೋಟೆಯ ಕಡೆ ತಿರುಗಿದರೆ ಮಹಾರಾಜರ ಮೈಸೂರು. ಒಂದು ದಿನದ ಕಾಲ್ನಡಿಗೆಯೊಳಗೆ ಮೂರು ಸರಕಾರಗಳು! ತಾಲ್ಲೂಕಿನ ಮುಖ್ಯಾಧಿಕಾರಿಯನ್ನು ಇಲ್ಲಿ ತಹಶೀಲ್ದಾರನೆಂದೂ ಕೊಡಗಿನಲ್ಲಿ ಸುಬೇದಾರನೆಂದೂ ಮೈಸೂರಿನಲ್ಲಿ ಅಮಲ್ದಾರನೆಂದೂ ಕರೆಯುತ್ತಿದ್ದರು. ಹೆಸರು ಬೇರೆಯಾದರೂ ಕೆಲಸ ಒಂದೇ: ಬೆಳಿಗ್ಗೆ ಕಂದಾಯದ ಬಾಕಿಯನ್ನು ಕೇಳುವುದು, ಮಧ್ಯಾಹ್ನ ಮ್ಯಾಜಿಸ್ಟ್ರೇಟನಾಗಿ ಅಪರಾಧಿಯನ್ನು ವಿಚಾರಿಸುವುದು. ಬಾಕಿಗಾಗಿ ತನ್ನನ್ನು ಹಿಂಸಿಸಿದರೆಂದು ರೈತನು ದೂರಬೇಕಾದರೆ ಅವನು ಹೋಗಬೇಕಾದುದು ಅದೇ ಕಚೇರಿಗೆ, ಅದೇ ಅಧಿಕಾರಿಯ ಎದುರಿಗೆ.

ಈ ಏರ್ಪಾಡನ್ನು ಯಾರೋ ದುಷ್ಟರು ಕೂಡಿ ಮಾಡಿದರೆಂದು ತಿಳಿಯಬಾರದು. ಕಾರ್ನವಾಲಿಸ್ ಪ್ರಭು 1793ರಲ್ಲಿ ಬಂಗಾಳದಲ್ಲಿ ಕಂದಾಯದ ಕಲೆಕ್ಟರನನ್ನೂ ನ್ಯಾಯಾಧೀಶನನ್ನೂ ಬೇರೆ ಮಾಡಿದ್ದನು. ಅದೇ ಪದ್ಧತಿ 1802ರಲ್ಲಿ ಮದರಾಸಿಗೂ ಬಂದಿತು. ಅದನ್ನು ತಿರುಗಿಸಿದವನು ಥಾಮಸ್ ಮನ್ರೋ. ಈತನು 1799ರಲ್ಲಿ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದು, ಊರೂರು ತಿರುಗಿ, ರೈತರ ಮಾತನ್ನು ಕೇಳಿ ಲೆಕ್ಕ ಬರೆದವನು. ಈ ದೇಶದ ಬಾಳುವೆಯನ್ನು ಅವನಷ್ಟು ಬಲ್ಲ ಇಂಗ್ಲಿಷರು ಕೆಲವರೇ. ದೂರದ ಊರಿನಲ್ಲಿ ಕುಳಿತು ಕಾಗದದ ಮೇಲೆ ನ್ಯಾಯ ಹೇಳುವ ಜಡ್ಜನಿಗಿಂತ, ಹಳ್ಳಿಯನ್ನು ಬಲ್ಲ ಕಲೆಕ್ಟರನ ಕೈಯಲ್ಲಿಯೇ ಅಧಿಕಾರವಿದ್ದರೆ ಜನರಿಗೆ ಬೇಗ ಪರಿಹಾರ ಸಿಕ್ಕುವುದೆಂದೂ, ಖರ್ಚು ಕಡಿಮೆಯಾಗುವುದೆಂದೂ ಅವನು ನಂಬಿದನು. 1816ರ ರೆಗ್ಯುಲೇಶನ್ನುಗಳ ಮೂಲಕ ಮ್ಯಾಜಿಸ್ಟ್ರೇಟ್ ಅಧಿಕಾರವು ಜಡ್ಜನಿಂದ ಕಲೆಕ್ಟರನಿಗೆ ಬಂತು. ಪೋಲೀಸು ಕೆಲಸ ತಹಶೀಲ್ದಾರನಿಗೂ ಗ್ರಾಮದ ಪಟೇಲನಿಗೂ ಬಂತು. ಬೇಕಲದಿಂದ ಹಿಡಿದು ಕಾರವಾರದವರೆಗೆ ಹಬ್ಬಿದ್ದ ಅಂದಿನ ಕನ್ನಡ ಜಿಲ್ಲೆಗೂ ಮಲಬಾರಿಗೂ ಇದೇ ಪದ್ಧತಿ. ಮನ್ರೋ ಒಳ್ಳೆಯವನಾಗಿದ್ದನು. ಆದರೆ ಒಳ್ಳೆಯವನೊಬ್ಬನ ಕೈಗೆ ಸರಿಹೋದ ಆಯುಧವನ್ನು ಇಡೀ ಪ್ರಾಂತದ ಕಚೇರಿಗಳಿಗೆಲ್ಲ ಹಂಚಿದರೆ ಏನಾಗುವುದೆಂದು ಅವನು ಯೋಚಿಸಿದಂತೆ ಕಾಣುವುದಿಲ್ಲ.

ಆದುದೇನೆಂಬುದು ಹೊರಬಿದ್ದದ್ದು ನಾಲ್ವತ್ತು ವರ್ಷಗಳ ಮೇಲೆ, ಅದೂ ಏಳು ಸಮುದ್ರದಾಚೆಯ ಒಂದು ಶಾಸನಸಭೆಯಲ್ಲಿ. ಮದರಾಸಿನ ವರ್ತಕ ಗಾಜುಲ ಲಕ್ಷ್ಮೀನರಸು ಶೆಟ್ಟಿಯವರೂ ಅವರ ಮದರಾಸು ನೇಟಿವ್ ಅಸೋಸಿಯೇಶನ್ನಿನವರೂ ಪಾರ್ಲಿಮೆಂಟಿಗೆ ಮನವಿಗಳನ್ನು ಕಳುಹಿಸುತ್ತಿದ್ದರು. ಕಂದಾಯದ ವಸೂಲಿಗಾಗಿ ಕಚೇರಿಯ ಜನರು ರೈತರನ್ನು ಹಿಂಸಿಸುತ್ತಾರೆಂಬುದು ಅವರ ಮುಖ್ಯ ದೂರುಗಳಲ್ಲಿ ಒಂದು. ಕಾಮನ್ಸ್ ಸಭೆಯ ಸದಸ್ಯ ಡ್ಯಾನ್‌ಬಿ ಸೀಮೋರ್ ಎಂಬುವನು ಸ್ವತಃ ಮದರಾಸಿಗೆ ಬಂದು ಒಳನಾಡನ್ನು ಸುತ್ತಿ ಕಂಡು ಹೋದನು. 1854ರ ಜುಲೈ ತಿಂಗಳಲ್ಲಿ ಬ್ಲ್ಯಾಕೆಟ್ ಎಂಬ ಸದಸ್ಯನು ಮದರಾಸಿನ ಭೂಮಿಯ ಹಿಡುವಳಿಯ ವಿಷಯವಾಗಿ ಒಂದು ಗೊತ್ತುವಳಿಯನ್ನು ತಂದಾಗ ಈ ಹಿಂಸೆಯ ಮಾತು ಸಭೆಯಲ್ಲಿ ಎದ್ದಿತು. ಕೇಳಿದವರಲ್ಲಿ ಹಲವರು ನಂಬಲಿಲ್ಲ. ಇಂಡಿಯಾದ ವ್ಯವಹಾರವನ್ನು ನೋಡುತ್ತಿದ್ದ ಮಂತ್ರಿ ಸರ್ ಚಾರ್ಲ್ಸ್ ವುಡ್ ಕೂಡ ನಂಬಲಿಲ್ಲ. ಆದರೂ ಸಭೆಯಲ್ಲಿ ಮಾತು ಬಂದ ಮೇಲೆ ವಿಚಾರಣೆ ನಡೆಸದೆ ವಿಧಿಯಿರಲಿಲ್ಲ. ಹೀಗೆ ಲಂಡನ್ನಿನಲ್ಲಿ ಎದ್ದ ಪ್ರಶ್ನೆಗೆ ಉತ್ತರ ಹುಡುಕಲು ಮದರಾಸಿನಲ್ಲಿ ಒಂದು ವಿಚಾರಣಾ ಸಮಿತಿ ನೇಮಕವಾಯಿತು. ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರು ಅದರ ಸದಸ್ಯರು. ಇವರಲ್ಲಿ ಜಾನ್ ಬ್ರೂಸ್ ನಾರ್ಟನ್ ಸರಕಾರದ ದಾಕ್ಷಿಣ್ಯಕ್ಕೆ ಒಳಗಾಗದ ವಕೀಲ.

ಸಮಿತಿ ಕುಳಿತದ್ದು ಮದರಾಸು ಪಟ್ಟಣದಲ್ಲಿ. ರೈಲು ಬಾರದ ಆ ಕಾಲದಲ್ಲಿ ಅಲ್ಲಿಗೆ ತಲುಪಲು ರೈತನೊಬ್ಬನು ಎಷ್ಟು ದಿನ ನಡೆಯಬೇಕಾಗಿತ್ತು, ದಾರಿಯ ಬುತ್ತಿಗೆ ಯಾರಲ್ಲಿ ಸಾಲ ಮಾಡಬೇಕಾಗಿತ್ತು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಆದರೂ ಕೆಲವೇ ತಿಂಗಳೊಳಗೆ, ನೇರವಾಗಿ ಬಂದವರದೂ ಕಾಗದ ಬರೆದವರದೂ ಸೇರಿ, ಎರಡು ಸಾವಿರಕ್ಕೆ ಸಮೀಪದಷ್ಟು ದೂರುಗಳು ಬಂದುವು. ಬಿಸಿಲಿನಲ್ಲಿ ನಿಲ್ಲಿಸುವುದು, ಕೋಲುಗಳ ನಡುವೆ ಬೆರಳುಗಳನ್ನಿಟ್ಟು ಅದುಮುವುದು, ತಲೆಯನ್ನು ಕಾಲಿಗೆ ಬಗ್ಗಿಸಿ ಕಟ್ಟಿ ಬೆನ್ನಿನ ಮೇಲೆ ಕಲ್ಲು ಹೇರುವುದು ಇವೆಲ್ಲ ನಡೆಯುತ್ತಿದ್ದುವೆಂದು 1855ರಲ್ಲಿ ಸಮಿತಿ ವರದಿ ಮಾಡಿತು. ನಡೆಯುತ್ತಿದ್ದುದು ಎಂಥ ಮೊತ್ತಕ್ಕಾಗಿ? ಹಲವು ಸಲ ಕೆಲವೇ ಆಣೆ ರೂಪಾಯಿಗಳ ಬಾಕಿಗಾಗಿ.

ವರದಿಯಲ್ಲಿ ಒಂದು ಕೊರತೆಯಿದೆ. ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ಒಪ್ಪುವ ಕೆಲಸವಲ್ಲ. ತಪ್ಪೆಲ್ಲವೂ ಕೆಳಗಿನ ದೇಶೀಯ ನೌಕರರದು, ಮೇಲಿನ ಇಂಗ್ಲಿಷ್ ಅಧಿಕಾರಿಗಳು ಇದನ್ನು ಬಯಸಲಿಲ್ಲವೆಂಬ ಧ್ವನಿ ಅದರಲ್ಲಿ ಎದ್ದು ಕೇಳುತ್ತದೆ. ಇಷ್ಟು ಕಂದಾಯ ಇಂಥ ತಾರೀಖಿನೊಳಗೆ ಖಜಾನೆಗೆ ಬರಲೇಬೇಕೆಂದು ಮೇಲಿನವನು ಆಜ್ಞೆ ಮಾಡಿ, ಅದು ಹೇಗೆ ಬಂತೆಂದು ಕೇಳದೆ ಇದ್ದರೆ, ಕೋಲು ಹಿಡಿದ ಜವಾನನೊಬ್ಬನೇ ಅಪರಾಧಿಯೇ? ಕಾರ್ಲ್ ಮಾರ್ಕ್ಸ್ 1857ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಈ ವರದಿಯನ್ನೇ ಮುಂದಿಟ್ಟುಕೊಂಡು ಇಂಥ ಪ್ರಶ್ನೆಯನ್ನು ಎತ್ತಿದನು. ಇಂಗ್ಲೆಂಡಿನ ಪ್ರಭುಗಳ ಸಭೆಯಲ್ಲಿಯೂ 1856ರಲ್ಲಿ ಆಲ್ಬೆಮಾರ್ಲ್ ಪ್ರಭು ಈ ವಿಷಯವನ್ನು ಎತ್ತಿದನು.

ಕೊರತೆಯಿದ್ದರೂ ವರದಿ ರೋಗದ ಬೇರನ್ನು ಮುಟ್ಟಿತ್ತು. ಕಂದಾಯವೂ ಪೋಲೀಸೂ ಒಂದೇ ಕೈಯಲ್ಲಿರುವುದೇ ಆ ಬೇರು. ಅದರ ಫಲವಾಗಿ 1859ರ 24ನೆಯ ಕಾಯಿದೆಯ ಮೂಲಕ ಮದರಾಸು ಪ್ರಾಂತದಲ್ಲಿ ಪೋಲೀಸರು ತಹಶೀಲ್ದಾರನ ಕೈಯಿಂದ ಬಿಡುಗಡೆ ಹೊಂದಿ, ಇನ್‌ಸ್ಪೆಕ್ಟರ್ ಜನರಲನೆಂಬ ಬೇರೊಬ್ಬ ಅಧಿಕಾರಿಯ ಕೆಳಗೆ ಬಂದರು. ಸಂಬಳ ಬೇರೆ, ಬಡ್ತಿ ಬೇರೆ, ಮೇಲಧಿಕಾರಿ ಬೇರೆ. ನೌಕರನೊಬ್ಬನು ಯಾರಿಗೆ ಅಂಜುತ್ತಾನೆಂಬುದನ್ನು ತಿಳಿಯಬೇಕಾದರೆ ಅವನ ಬಡ್ತಿಯ ಕಾಗದಕ್ಕೆ ರುಜು ಹಾಕುವವರು ಯಾರೆಂದು ನೋಡಬೇಕು. ಆ ರುಜುವನ್ನು ಬದಲಿಸಿದ ಕಾಯಿದೆಯಿದು. ಆದರೆ ಕೆಲಸ ಅರ್ಧಕ್ಕೇ ನಿಂತಿತು. ಪೋಲೀಸು ಹೋಯಿತು, ಮ್ಯಾಜಿಸ್ಟ್ರೇಟಿಕೆ ತಹಶೀಲ್ದಾರನಲ್ಲಿಯೂ ಕಲೆಕ್ಟರನಲ್ಲಿಯೂ ಉಳಿಯಿತು. ಉಳಿದರ್ಧ ಮುಗಿಯಲು ಇನ್ನೂ ನೂರು ವರ್ಷಕ್ಕೆ ಮೇಲೆ ಹಿಡಿಯಿತು.

ಇಷ್ಟು ತಡವೇಕೆ? ಲಂಡನ್ನಿನ ಸಭೆ ಒಮ್ಮೆ ಕೆರಳಿ ಮಲಗಿತು. ಇಲ್ಲಿ ಕೇಳಬಲ್ಲ ಸಭೆಯೇ ಇರಲಿಲ್ಲ. ಕಾಂಗ್ರೆಸ್ಸು ತನ್ನ ಎರಡನೆಯ ಅಧಿವೇಶನದಲ್ಲಿ, ಎಂದರೆ 1886ರಲ್ಲಿಯೇ, ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ನಿರ್ಣಯ ಮಾಡಿತು; ಮುಂದೆಯೂ ಅದನ್ನೇ ಮತ್ತೆ ಮತ್ತೆ ಹೇಳಿತು. ಕಲ್ಕತ್ತೆಯ ಬ್ಯಾರಿಸ್ಟರ್ ಮನಮೋಹನ ಘೋಷರು ತಮ್ಮ ಜೀವಮಾನವನ್ನೇ ಇದಕ್ಕಾಗಿ ಸವೆಸಿದರೆನ್ನಬಹುದು. ಒಂದೊಂದು ಜಿಲ್ಲೆಯಲ್ಲಿ ಮ್ಯಾಜಿಸ್ಟ್ರೇಟನೇ ಫಿರ್ಯಾದಿಯೂ ತೀರ್ಪುಗಾರನೂ ಆದ ಮೊಕದ್ದಮೆಗಳನ್ನು ಅವರು ಕೂಡಿಸಿ ಅಚ್ಚು ಹಾಕಿಸಿದರು. ಅವರು ತೀರಿಕೊಂಡ ಮೂರು ವರ್ಷಗಳ ಮೇಲೆ, 1899ರಲ್ಲಿ, ಹಾಬ್‌ಹೌಸ್ ಪ್ರಭು, ಕಲ್ಕತ್ತೆಯ ಮುಖ್ಯ ನ್ಯಾಯಾಧೀಶರಾಗಿದ್ದ ಗಾರ್ಥ್ ಮತ್ತು ಕೌಚ್ ಮುಂತಾದವರೇ ರುಜು ಮಾಡಿದ ಮನವಿಯೊಂದು ಲಂಡನ್ನಿಗೆ ಹೋಯಿತು. ಡಫರಿನ್ ಪ್ರಭು ಈ ಸುಧಾರಣೆಯನ್ನು ತತ್ತ್ವವಾಗಿ ಒಪ್ಪಿಕೊಂಡಿದ್ದನು. ಆಚರಣೆಗೆ ಮಾತ್ರ ಅದು ಎಟುಕದ ಆದರ್ಶವಾಗಿಯೇ ಅವನಿಗೆ ಕಂಡಿತು. 1908ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಗೃಹಸದಸ್ಯ ಹಾರ್ವೆ ಆಡಮ್ಸನ್ ಬಂಗಾಳದಲ್ಲಿ ಪ್ರಯೋಗ ಮಾಡಿ ನೋಡುವೆವೆಂದು ಮಾತು ಕೊಟ್ಟನು. ಅದೂ ಮಾತಿನಲ್ಲಿಯೇ ಉಳಿಯಿತು. ಅಡ್ಡ ಬಂದ ನೆಪಗಳು ಎರಡು: ಖರ್ಚು ಹೆಚ್ಚುವುದೆಂಬುದು ಒಂದು, ಜಿಲ್ಲಾಧಿಕಾರಿಯ ಘನತೆ ಕುಗ್ಗುವುದೆಂಬುದು ಇನ್ನೊಂದು. ಮೊದಲನೆಯದನ್ನು ಗಟ್ಟಿಯಾಗಿ ಹೇಳುತ್ತಿದ್ದರು. ನಿಜವಾದ ಕಾರಣ ಎರಡನೆಯದೇ ಎಂದು ನನಗೆ ತೋರುತ್ತದೆ.

ಇಲ್ಲಿ ಮೈಸೂರಿನ ಮಾತನ್ನು ಬಿಡುವಂತಿಲ್ಲ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಆ ವರ್ಷದ ಅಕ್ಟೋಬರ್ 7ರಂದು ದಸರೆಯ ಕಾಲದಲ್ಲಿ 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿ ಸರಕಾರದ ವರದಿಯನ್ನು ಕೇಳಿದರು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪಿತವಾಯಿತು. ತಾಲ್ಲೂಕಿನ ರೈತ ವರ್ತಕರು ರಾಜ್ಯದ ದಿವಾನನ ಎದುರು ನಿಂತು ತಮ್ಮ ಕಷ್ಟವನ್ನು ಹೇಳುವುದು ಆ ಕಾಲದ ಭಾರತದಲ್ಲಿ ಅಪೂರ್ವ ದೃಶ್ಯ. ಆದರೆ ಸಭೆಯ ಅಧ್ಯಕ್ಷನೂ ದಿವಾನನೇ, ಆಡಳಿತದ ಮುಖ್ಯಸ್ಥನೂ ದಿವಾನನೇ. ಪ್ರತಿನಿಧಿಗಳು ಕೇಳಬಹುದು, ಕೊಡುವುದು ಬಿಡುವುದು ಅವನಿಗೆ ಸೇರಿದ್ದು. ಕಚೇರಿಯ ಮೇಜಿನ ಹಿಂದೆ ಕಂಡ ಚಿತ್ರವೇ ಇಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. 1923ರ ಸುಧಾರಣೆಗಳು ಬರುವವರೆಗೆ ಆಯವ್ಯಯದ ಮೇಲೆ ಮತ ಕೊಡುವ ಹಕ್ಕು ಶಾಸನಸಭೆಗೆ ಬರಲಿಲ್ಲ.

ಮದರಾಸಿನಲ್ಲಿಯೂ ಸ್ಥಿತಿ ಬಹಳ ಬೇರೆಯಾಗಿರಲಿಲ್ಲ. 1919ರ ಕಾಯಿದೆಯಂತೆ ಶಿಕ್ಷಣ, ಆರೋಗ್ಯ ಮೊದಲಾದುವು ಜನಪ್ರತಿನಿಧಿಗಳ ಮಂತ್ರಿಗಳ ಕೈಗೆ ಬಂದುವು. ನ್ಯಾಯ, ಪೋಲೀಸು, ಸೆರೆಮನೆ ಇವು ಮಾತ್ರ 'ಕಾಯ್ದಿಟ್ಟ' ವಿಷಯಗಳು. ಸದಸ್ಯರು ಪ್ರಶ್ನೆ ಕೇಳಬಹುದು, ಹಣವನ್ನು ಕತ್ತರಿಸಲೂಬಹುದು. ಆದರೆ ಕತ್ತರಿಸಿದುದನ್ನು ಗವರ್ನರನು ತನ್ನ ವಿಶೇಷಾಧಿಕಾರದಿಂದ ಮತ್ತೆ ತುಂಬಬಹುದಾಗಿತ್ತು. ಶಾಲೆಯ ಮೇಷ್ಟರ ಸಂಬಳಕ್ಕೆ ಉತ್ತರ ಕೊಡಬೇಕಾದ ಮಂತ್ರಿಯಿದ್ದನು. ಜೈಲಿನ ಖೈದಿಯ ಗಂಜಿಗೆ ಉತ್ತರ ಕೊಡಬೇಕಾದವನಿರಲಿಲ್ಲ. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲ ಬಂದಾಗ ಮಲಬಾರಿನ ಕೆ. ರಾಮನ್ ಮೆನನ್ ಅವರು ಕೋರ್ಟು ಮತ್ತು ಸೆರೆಮನೆಗಳ ಮಂತ್ರಿಗಳಾದರು. ನ್ಯಾಯದ ಇಲಾಖೆಗೆ ಜನರ ಸಭೆಯ ಎದುರು ಎದ್ದು ನಿಂತು ಉತ್ತರ ಹೇಳುವ ಮಂತ್ರಿಯೊಬ್ಬನು ಮದರಾಸಿಗೆ ಬಂದುದು ಹೀಗೆ. ಐವತ್ತು ವರ್ಷ ಬೇರ್ಪಡಿಸುವಿಕೆಯನ್ನು ಕೇಳುತ್ತ ಬಂದ ಪಕ್ಷವು ಅಧಿಕಾರದಲ್ಲಿದ್ದ ಎರಡು ವರ್ಷ ಚಿಲ್ಲರೆ ಅವಧಿಯಲ್ಲಿ ಅದನ್ನು ಮಾಡಿ ಮುಗಿಸಲಿಲ್ಲವೆಂಬುದನ್ನೂ ಬರೆದಿಡಬೇಕು. ಕುರ್ಚಿಯ ಈಚೆ ನಿಂತಾಗ ಕಾಣುವ ಅನ್ಯಾಯ, ಕುರ್ಚಿಯ ಮೇಲೆ ಕುಳಿತಾಗ ಸೌಕರ್ಯವಾಗಿ ಕಾಣುವುದು ಒಂದು ಪಕ್ಷಕ್ಕೆ ಮಾತ್ರ ಸೇರಿದ ದೋಷವಲ್ಲ.

ಸಂವಿಧಾನ ಸಭೆಯಲ್ಲಿ ಈ ದೋಷ ಇನ್ನೊಮ್ಮೆ ತಲೆಯೆತ್ತಿತು. ಅಲ್ಲಿನ ಸಂವಿಧಾನ ಸಲಹೆಗಾರರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. 1948ರ ನವೆಂಬರ್ 24ರಂದು ಡಾಕ್ಟರ್ ಅಂಬೇಡ್ಕರರು ಹೊಸದೊಂದು ವಿಧಿಯನ್ನು ಮಂಡಿಸಿದರು. ಸಂವಿಧಾನ ಜಾರಿಗೆ ಬಂದ ಮೂರು ವರ್ಷಗಳೊಳಗೆ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂಬುದು ಅದರ ತಾತ್ಪರ್ಯ. ಚರ್ಚೆ ನಡೆಯಿತು. ಪಂಜಾಬಿನ ನ್ಯಾಯಾಧೀಶರಾಗಿದ್ದ ಬಕ್ಷಿ ಟೇಕ್ ಚಂದರು ಈ ಬೇಡಿಕೆಯ ಹಳೆಯ ಇತಿಹಾಸವನ್ನೆಲ್ಲ ಬಿಚ್ಚಿಟ್ಟರು; ನೆಹರೂ ಅವರು ಬೆಂಬಲಿಸಿದರು. ಆದರೆ ಮಾರನೆಯ ದಿನ ಅಂಗೀಕಾರವಾಗುವಾಗ 'ಮೂರು ವರ್ಷ' ಎಂಬ ಮಾತು ಬಿಟ್ಟುಹೋಗಿತ್ತು. ಎಲ್ಲ ಪ್ರಾಂತಗಳ, ಅದರಲ್ಲೂ ದೇಶೀಯ ಸಂಸ್ಥಾನಗಳ ಸ್ಥಿತಿ ಒಂದೇ ತೆರನಲ್ಲವೆಂಬುದು ಕಾರಣ. ಕಾರಣ ಸುಳ್ಳಲ್ಲ. ಇಂದು ಅದು 50ನೆಯ ವಿಧಿ, ಅದರಲ್ಲಿ ತಾರೀಖಿಲ್ಲ. ಕೆಳ ನ್ಯಾಯಾಲಯದವರ ವರ್ಗ, ಬಡ್ತಿ, ರಜೆಗಳನ್ನು ಉಚ್ಚ ನ್ಯಾಯಾಲಯದ ಕೈಗೆ ಕೊಟ್ಟ 235ನೆಯ ವಿಧಿಯೇ ಕೆಲಸದಲ್ಲಿ ಹೆಚ್ಚು ಬಲವುಳ್ಳದ್ದು. 1859ರಲ್ಲಿ ಪೋಲೀಸಿಗೆ ಆದುದು ನ್ಯಾಯಾಧಿಕಾರಿಗೆ ಆದದ್ದು ಇಲ್ಲಿ.

ಅನಂತರದ ಕಥೆ ಬೇಗ ಮುಗಿಯುತ್ತದೆ. ಮದರಾಸು ಸರಕಾರ 1949ರಿಂದ 1952ರೊಳಗೆ ಬರಿಯ ಸರಕಾರಿ ಆಜ್ಞೆಗಳ ಮೂಲಕ ಬೇರ್ಪಡಿಸಿತು. ವಯನಾಡು, ಕಾಸರಗೋಡು, ಮಂಗಳೂರುಗಳಿಗೆ ಈ ಆಜ್ಞೆ ಅನ್ವಯಿಸಿತು. ಮುಂಬಯಿ 1951ರಲ್ಲಿ ಕಾಯಿದೆಯನ್ನೇ ಮಾಡಿತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳು ಅದರ ಕೆಳಗೆ ಬಂದುವು. 1956ರ ನವೆಂಬರ್ 1ರಂದು ಗಡಿಗಳು ಬದಲಾದಾಗ ಒಂದೇ ರಾಜ್ಯದೊಳಗೆ ಎರಡು ಮೂರು ಪದ್ಧತಿಗಳು ಕೂಡಿಕೊಂಡುವು. ದೇಶಕ್ಕೆಲ್ಲ ಒಂದೇ ರೀತಿ ಬಂದುದು 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ. ಕಾಮನ್ಸ್ ಸಭೆಯ ಆ ಚರ್ಚೆಗೆ ಆಗ ನೂರ ಇಪ್ಪತ್ತು ವರ್ಷ ತುಂಬುತ್ತಿತ್ತು. ತಹಶೀಲ್ದಾರನಿಗೆ ಶಾಂತಿಪಾಲನೆಯ ಕೆಲಸಕ್ಕೆಂದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟನೆಂಬ ಹೆಸರು ಉಳಿಯಿತು; 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಉಳಿದಿದೆ.

ಬೇರ್ಪಟ್ಟ ಮೇಲೆ ಹೊಸ ತೊಡಕು ಹುಟ್ಟಿತು. ನ್ಯಾಯಾಧಿಕಾರಿಯ ಮೇಲೆ ಕಲೆಕ್ಟರನ ಕೈ ಇಲ್ಲ, ಸರಿ. ಆದರೆ ಹುದ್ದೆಯನ್ನು ಸೃಷ್ಟಿಸಿ ಸಂಬಳ ಕೊಡುವುದು ಸರಕಾರವೇ. 2002ರಲ್ಲಿ ಪಾರ್ಲಿಮೆಂಟಿನ ಗೃಹ ವ್ಯವಹಾರಗಳ ಸ್ಥಾಯೀ ಸಮಿತಿಯು ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರಿರಬೇಕೆಂದು ಹೇಳಿತು. ಅದನ್ನೇ ಎತ್ತಿಕೊಂಡು ಸರ್ವೋಚ್ಚ ನ್ಯಾಯಾಲಯ ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಐದು ವರ್ಷಗಳ ಗಡುವು ಕೊಟ್ಟಿತು. ಇಂದಿಗೂ ಆ ಸಂಖ್ಯೆಯ ಅರ್ಧವನ್ನು ದೇಶ ಮುಟ್ಟಿಲ್ಲ. ಈ ನಡುವೆ ಹನ್ನೊಂದನೆಯ ಹಣಕಾಸು ಆಯೋಗ ಕೊಟ್ಟ 502.90 ಕೋಟಿ ರೂಪಾಯಿಗಳಿಂದ 1,734 ತ್ವರಿತ ನ್ಯಾಯಾಲಯಗಳ ಯೋಜನೆ ಬಂತು. ಅವುಗಳಿಗೆ ನಿವೃತ್ತ ನ್ಯಾಯಾಧೀಶರನ್ನೂ ವಕೀಲರನ್ನೂ ತಾತ್ಕಾಲಿಕವಾಗಿ ನೇಮಿಸಿಕೊಂಡರು. ಕಟ್ಟಡದ ಕೆಲಸಕ್ಕೆ ಗುತ್ತಿಗೆ ಕೊಡುವಂತೆ ನ್ಯಾಯಪೀಠಕ್ಕೂ ಅವಧಿ ಕಟ್ಟಿದ ಹಾಗಾಯಿತು. 2011ರ ಮಾರ್ಚ್ 31ಕ್ಕೆ ಕೇಂದ್ರದ ಹಣ ನಿಂತಿತು. ಪೀಠದ ಮೇಲೆ ಕುಳಿತು ಶಿಕ್ಷೆ ವಿಧಿಸಿದವರೇ ತಮ್ಮ ಕೆಲಸಕ್ಕಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲಿನಲ್ಲಿ ಅರ್ಜಿದಾರರಾಗಿ ನಿಂತರು. 2012ರ ಏಪ್ರಿಲ್ ತಿಂಗಳಲ್ಲಿ ತೀರ್ಪಾಯಿತು. ಮುಂದಿನ ವರ್ಷ ತನ್ನ ಹುದ್ದೆ ಇರುವುದೋ ಇಲ್ಲವೋ ಎಂದು ಸರಕಾರದ ಆಜ್ಞೆಯನ್ನು ಕಾಯುವ ನ್ಯಾಯಾಧಿಕಾರಿಯು, ಅದೇ ಸರಕಾರ ಪ್ರತಿವಾದಿಯಾಗಿರುವ ಮೊಕದ್ದಮೆಯನ್ನು ಕೇಳುತ್ತಿದ್ದಾನೆಂದರೆ ಹಳೆಯ ಕಚೇರಿಯ ನೆನಪಾಗದೆ ಇರದು.

ಶಾಸನಸಭೆಯಲ್ಲಿ ಇದನ್ನು ಕೇಳಬಹುದೇ ಎಂದು ಸಂದೇಹ ಬರಬಹುದು. 211ನೆಯ ವಿಧಿಯು ನ್ಯಾಯಾಧೀಶರ ಕರ್ತವ್ಯದ ನಡವಳಿಕೆಯನ್ನು ರಾಜ್ಯ ಶಾಸನಸಭೆಯಲ್ಲಿ ಚರ್ಚಿಸಬಾರದೆನ್ನುತ್ತದೆ. ಆದರೆ ಎಷ್ಟು ಹುದ್ದೆಗಳು ಖಾಲಿಯಿವೆ, ಕಟ್ಟಡಕ್ಕೆ ಕೊಟ್ಟ ಹಣ ಎಲ್ಲಿ ಹೋಯಿತು, ಗುಮಾಸ್ತರನ್ನು ಏಕೆ ತುಂಬಿಲ್ಲ ಎಂದು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅದನ್ನು ಕೇಳುವುದಕ್ಕೆಂದೇ ಪ್ರಶ್ನೋತ್ತರದ ವೇಳೆಯಿದೆ. ಕೇರಳದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿನ ಕೆಳ ನ್ಯಾಯಾಲಯಗಳ ಭಾಷೆ ಇಂಗ್ಲಿಷು ಮತ್ತು ಮಲಯಾಳ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿ ಹೇಳಬೇಕೆಂದು ಸಂಹಿತೆ ವಿಧಿಸಿದೆ. ಹೇಳುವುದಕ್ಕೆ ಎರಡು ಭಾಷೆ ಬಲ್ಲವನೊಬ್ಬನು ಬೇಕು. ಅವನಿಗೊಂದು ಹುದ್ದೆ ಬೇಕು. ಹುದ್ದೆಗೆ ಹಣ ಮಂಜೂರಾಗಬೇಕು. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು 1969ರ ಕೇರಳ ಆಡಳಿತ ಭಾಷೆಗಳ ಕಾಯಿದೆ ಹೇಳುತ್ತದೆ. 210ನೆಯ ವಿಧಿಯು, ರಾಜ್ಯದ ಭಾಷೆಯಲ್ಲಾಗಲಿ ಹಿಂದಿ, ಇಂಗ್ಲಿಷುಗಳಲ್ಲಾಗಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಅಧ್ಯಕ್ಷರ ಅಪ್ಪಣೆಯಿಂದ ಮಾತೃಭಾಷೆಯಲ್ಲಿ ಮಾತನಾಡಲು ಅವಕಾಶ ಕೊಡುತ್ತದೆ. 2021ರ ಮೇ ತಿಂಗಳಲ್ಲಿ ಮಂಜೇಶ್ವರದ ಸದಸ್ಯ ಎ.ಕೆ.ಎಂ. ಅಶ್ರಫ್ ಅವರು ತಿರುವನಂತಪುರದ ನಿಯಮಸಭೆಯಲ್ಲಿ ಪ್ರಮಾಣವಚನವನ್ನು ಕನ್ನಡದಲ್ಲಿಯೇ ಸ್ವೀಕರಿಸಿದರು.